ಎದ್ದು ನಿಂತರೆ ಕತ್ತಲೆ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಹೊಲಿಗೆ ಬಿಚ್ಚಲಿ ಎಂದೆ. ಹಬ್ಬ ಕಳೆಯಲಿ ಎಂದೆ. ಬಿದ್ದ ಕಥೆಯನ್ನಂತೂ ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ, ಹಣೆಯ ಗಾಯ ಮುಟ್ಟಿ ತೋರಿಸಿದ್ದೇನೆ. ಪ್ರತಿ ಸಲವೂ ಒಂದು ಭಾಗ ಬಿಟ್ಟು ಹೇಳಿದ್ದೇನೆ.

ಕೋಗಿಲಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವನು ನಾನು. ಈಗ ಆ ಜಾಗವನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದೇವೆ. ಬೆಳಗಿನಿಂದ ಸಂಜೆವರೆಗೆ ನಿಂತೇ ಕೆಲಸ ಮಾಡಿದವನು, ರಾಗಿ ಮೂಟೆ ಹೆಗಲ ಮೇಲೆ ಹೊತ್ತವನು. ಹಾಸಿಗೆಯಿಂದ ಎದ್ದು ನಿಲ್ಲುವುದು ಒಂದು ದಿನ ಕಷ್ಟವಾದೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅದು ಬಂದದ್ದು ಒಂದು ಬೆಳಿಗ್ಗೆ. ಎದ್ದು ನಿಂತೆ. ಕಣ್ಣಿನ ಅಂಚಿನಿಂದ ಕತ್ತಲೆ ಒಳಕ್ಕೆ ಸರಿಯಿತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಗೋಡೆ ಹಿಡಿದೆ. ಗೋಡೆಯೂ ವಾಲಿದ ಹಾಗಾಯಿತು. ಮತ್ತೆ ಮಂಚದ ಮೇಲೆ ಕೂತೆ, ಸರಿಹೋಯಿತು. ಪಿತ್ತ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿದೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಹೊತ್ತೇರಿದ ಮೇಲೆ ಏನೂ ಇರುತ್ತಿರಲಿಲ್ಲವಾದ್ದರಿಂದ ಯಾರಿಗೂ ಹೇಳಲಿಲ್ಲ.

ಕಾರಣ ಏನಿರಬಹುದೆಂದು ನನಗೆ ಒಳಗೊಳಗೇ ಅನುಮಾನವಿತ್ತು.

ಬಿಪಿ ಬಂದು ಬಹಳ ವರ್ಷವಾಗಿದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮಾತ್ರೆಗಳ ಜವಾಬ್ದಾರಿ ಸೊಸೆಯದು. ವಾರಕ್ಕೊಮ್ಮೆ ಖಾನೆಗಳಿರುವ ಡಬ್ಬಿಯಲ್ಲಿ ಹಾಕಿಡುತ್ತಾಳೆ, ಊಟವಾದ ಮೇಲೆ ನೀರಿನ ಲೋಟದ ಜೊತೆ ತಂದಿಡುತ್ತಾಳೆ. "ಮಾವ, ಮಾತ್ರೆ," ಅನ್ನುತ್ತಾಳೆ. ನಾನು ನುಂಗುತ್ತೇನೆ. ನಮ್ಮಿಬ್ಬರ ನಡುವೆ ಮಾತು ಇದ್ದದ್ದೇ ಅಷ್ಟು.

ಅವಳಿಗೆ ಹೇಳಲಾಗದ ಇನ್ನೊಂದು ತೊಂದರೆ ನನಗಿತ್ತು. ರಾತ್ರಿ ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತಿತ್ತು. ಎದ್ದು ಹೋದರೂ ಸಲೀಸಾಗಿ ಬರುತ್ತಿರಲಿಲ್ಲ. ಒಂದೆರಡು ಸಲ ಪಂಚೆ ಒದ್ದೆಯಾಗಿ, ಅವಳು ಏಳುವ ಮುಂಚೆ ನಾನೇ ಒಗೆದು ಒಣಹಾಕಿದ್ದೆ. ಮಗನಿಗೆ ಹೇಳಿದರೆ ಅವನು ಅವಳಿಗೆ ಹೇಳುತ್ತಾನೆ. ಮಾತ್ರೆ ಬಂದರೆ ಅದೂ ಅವಳ ಡಬ್ಬಿಗೇ ಹೋಗುತ್ತದೆ. ಸೊಸೆಯ ಮುಂದೆ ಇಂಥದ್ದು ಬಯಲಾಗುವುದೆಂದರೆ ನಮ್ಮ ಕಾಲದವರಿಗೆ ಸಾವಿಗೆ ಸಮ.

ಪುಟ್ಟೇನಹಳ್ಳಿ ಕೆರೆಯ ಬಳಿ ದಿನವೂ ಜೊತೆಗೆ ನಡೆಯುವ ಬಾಷಾ ಸಾಬರಿಗೆ ಹೇಳಿದೆ. ಟೈಲರ್ ಆಗಿದ್ದವರು. ಬಿದ್ದು ಬಿದ್ದು ನಕ್ಕರು.

"ವಾಷರ್ ಹೋಗಿದೆ ಯಜಮಾನ್ರೇ! ನಂದೂ ಹೋಗಿತ್ತು. ಡಾಕ್ಟ್ರು ಈ ಮಾತ್ರೆ ಕೊಟ್ರು, ಈಗ ಆರಾಮ್."

ಜೇಬಿನಿಂದ ಖಾಲಿಯಾದ ಸ್ಟ್ರಿಪ್ ತೆಗೆದು ತೋರಿಸಿದರು. ನಾನು ಅದನ್ನು ಇಸಿದುಕೊಂಡೆ.

"ಹಂಗೇ ತಗೋಬೇಡಿ ಮತ್ತೆ. ಡಾಕ್ಟ್ರನ್ನ ಕೇಳಿ."

ಕೇಳಲಿಲ್ಲ. ನಮ್ಮನ್ನು ಯಾರೂ ಗುರುತಿಸದ ಸಿಂಗಾಪುರ ಬಡಾವಣೆಯ ಕಡೆ ಹೋಗಿ, ಒಂದು ಮೆಡಿಕಲ್ ಶಾಪ್‌ನಲ್ಲಿ ಸ್ಟ್ರಿಪ್ ತೋರಿಸಿ ಅದೇ ಮಾತ್ರೆ ತಂದೆ. ಶೇವಿಂಗ್ ಸಾಮಾನಿನ ಡಬ್ಬಿಯೊಳಗೆ ಬಚ್ಚಿಟ್ಟೆ. ಸೊಸೆ ಕೊಟ್ಟ ಮಾತ್ರೆ ನುಂಗಿದ ಮೇಲೆ ಬಾಗಿಲು ಹಾಕಿಕೊಂಡು ಇದನ್ನೂ ನುಂಗುತ್ತಿದ್ದೆ. ಮೂತ್ರ ಸರಾಗವಾಯಿತು. ಮುಂದಿನ ವಾರದಿಂದಲೇ ಬೆಳಗಿನ ತಲೆಸುತ್ತು ಶುರುವಾಯಿತು.

ಆಮೇಲೊಂದು ಬೆಳಿಗ್ಗೆ ಬಿದ್ದೆ.

ಬಚ್ಚಲುಮನೆ ಬಾಗಿಲವರೆಗೆ ನಡೆದದ್ದು ನೆನಪಿದೆ. ಕಣ್ಣು ಬಿಟ್ಟಾಗ ನನ್ನ ತಲೆ ಸೊಸೆಯ ತೊಡೆಯ ಮೇಲಿತ್ತು. ವಾಷ್‌ಬೇಸಿನ್ ಅಂಚು ಹಣೆಗೆ ಬಡಿದಿತ್ತು. ಅವಳು ಸೆರಗಿನಿಂದ ಗಾಯ ಒತ್ತಿ ಹಿಡಿದು, "ರೀ, ಬೇಗ ಬನ್ರೀ!" ಎಂದು ಕೂಗುತ್ತಿದ್ದಳು. ಮಗ ಮಂಜುನಾಥ ಕಾರು ತೆಗೆದ. ಹೆಬ್ಬಾಳದ ಆಸ್ಪತ್ರೆ ತಲುಪುವವರೆಗೂ ಅವಳು ಕೈ ತೆಗೆಯಲಿಲ್ಲ.

ಕ್ಯಾಶುವಾಲ್ಟಿಯಲ್ಲಿ ಹೊಲಿಗೆ ಹಾಕಿದರು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತಾಗ ಬಹಳ ಇಳಿಯುತ್ತಿತ್ತು.

"ಬಿಪಿ ಮಾತ್ರೆ ಜಾಸ್ತಿ ಆಗಿರಬಹುದು. ಬೇರೆ ಏನಾದ್ರೂ ತಗೋತಿದ್ದೀರಾ ಅಂಕಲ್?"

ಮಗ ನಿಂತಿದ್ದ. ಸೊಸೆ ನಿಂತಿದ್ದಳು, ಸೆರಗಿನಲ್ಲಿ ನನ್ನ ರಕ್ತ.

"ಇಲ್ಲ," ಎಂದೆ.

"ಮಾತ್ರೆ ಯಾರು ಕೊಡೋದು?"

ಅಲ್ಲಿ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಕೊಡೋದು ಇವ್ಳೇ. ಕೊಟ್ಟಿದ್ನ ನುಂಗ್ತೀನಿ, ನಂಗೇನು ಗೊತ್ತು?"

ಮಗ ಅವಳತ್ತ ತಿರುಗಿದ. "ಎರಡೆರಡು ಹಾಕ್ಬಿಟ್ಯೇನೇ?" ಅವಳು "ಇಲ್ಲ ರೀ, ಒಂದೇ..." ಎಂದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ, ತಲೆ ಸುತ್ತುವವನ ಹಾಗೆ. ಆಗ ತಲೆ ಸುತ್ತುತ್ತಿರಲಿಲ್ಲ.

ಮನೆಗೆ ಬಂದ ದಿನ ನನ್ನ ಮಗಳು ಶೋಭಾ ಯಶವಂತಪುರದಿಂದ ಬಂದಳು. ಬಂದವಳೇ ಮಾತ್ರೆ ಡಬ್ಬಿ ತೆಗೆದು ಅಣ್ಣನ ಕೈಗೆ ಕೊಟ್ಟಳು. "ಅತ್ತಿಗೆಗೆ ಫೋನ್ ನೋಡೋಕೇ ಟೈಮ್ ಸಾಲಲ್ಲ, ಪಾಪ. ಇನ್ಮೇಲೆ ನೀನೇ ಕೊಡಣ್ಣಾ. ಇರೋನು ಒಬ್ಬ ಅಪ್ಪ," ಅಂದಳು. ಸೊಸೆ ಅಡುಗೆಮನೆಯಲ್ಲಿ ನನಗೆ ಗಂಜಿ ಮಾಡುತ್ತಿದ್ದಳು. ಅವಳಿಗೆ ಕೇಳಿಸುವಂತೆಯೇ ಆಡಿದ ಮಾತು ಅದು.

ಹೊಲಿಗೆ ಬಿಚ್ಚಿಸಲು ಹೋದಾಗ ಮಗ ಪಾರ್ಕಿಂಗ್ ಹುಡುಕುತ್ತಿದ್ದ. ನಾನೊಬ್ಬನೇ ಒಳಗಿದ್ದೆ. ಡಾಕ್ಟರಿಗೆ ನಿಜ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮೊದಲೇ ಹೇಳಬಾರದಿತ್ತಾ? ಆ ಮಾತ್ರೆಯಿಂದ ಕೆಲವರಿಗೆ ನಿಂತಾಗ ಬಿಪಿ ಇಳಿಯುತ್ತೆ. ಬಿಪಿ ಮಾತ್ರೆ ಜೊತೆ ಸೇರಿದ್ರೆ ಇನ್ನೂ ಕಷ್ಟ. ನಿಮ್ಮ ವಯಸ್ಸಲ್ಲಿ ಎಷ್ಟೋ ಜನಕ್ಕೆ ಇರೋ ತೊಂದರೆ ಅಂಕಲ್ ಇದು. ಮನೇಲಿ ಹೇಳಿ."

ಹೇಳುತ್ತೇನೆ ಎಂದೆ. ಮಗ ಬಂದಾಗ, "ಮಾತ್ರೆ ಬದಲಾಯಿಸಿದ್ರು ಕಣಪ್ಪ," ಎಂದಷ್ಟೇ ಹೇಳಿದೆ.

ಬಚ್ಚಿಟ್ಟ ಮಾತ್ರೆ ಬಿಟ್ಟೆ, ಮೈ ಸುಧಾರಿಸತೊಡಗಿತು. ಏಳುವ ಕ್ರಮವನ್ನು ಮಗುವಿನ ಹಾಗೆ ಕಲಿತೆ. ಮೊದಲು ಮಗ್ಗುಲಾಗಬೇಕು. ಕೂತು ಕಾಲು ಇಳಿಬಿಡಬೇಕು. ನೀರು ಕುಡಿಯಬೇಕು. ಏನಾದರೂ ಹಿಡಿದುಕೊಂಡು ನಿಲ್ಲಬೇಕು. ನಿಂತ ಮೇಲೂ ಸ್ವಲ್ಪ ತಡೆದು ಹೆಜ್ಜೆ ಇಡಬೇಕು. ನನ್ನ ಮೈ ಹೀಗೆ ನೆಟ್ಟಗಾಗುತ್ತಿದ್ದ ದಿನಗಳಲ್ಲೇ ಮನೆಯಲ್ಲಿ ಇನ್ನೊಬ್ಬರು ಕುಗ್ಗುತ್ತಿದ್ದುದನ್ನು ನೋಡಿಯೂ ನೋಡದವನಂತೆ ಇದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳು ಪದೇ ಪದೇ ರುಚಿ ನೋಡುತ್ತಿದ್ದಳು. ಗ್ಯಾಸ್ ಆರಿಸಿ, ಹೋಗಿ, ಮತ್ತೆ ಬಂದು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಮೊಮ್ಮಗಳಿಗೆ ಜ್ವರ ಬಂತು. ಮಗ ಕೆಲಸಕ್ಕೆ ಹೋಗಿದ್ದ. ಸೊಸೆ ಸಿರಪ್ ಬಾಟಲಿ ಹಿಡಿದು ಅವನಿಗೆ ಫೋನ್ ಮಾಡುತ್ತಿದ್ದುದು ನನ್ನ ಕೋಣೆಗೆ ಕೇಳಿಸಿತು.

"ಐದು ಎಂ.ಎಲ್. ಅಂತ ಬರೆದಿದೆ ರೀ... ಇಲ್ಲ, ನೀವು ಬಂದು ಹಾಕಿ... ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ ರೀ."

ಹೆತ್ತ ತಾಯಿ. ಸ್ವಂತ ಮಗುವಿಗೆ ಜ್ವರದ ಔಷಧಿ ಹಾಕಲು ಹೆದರುತ್ತಿದ್ದಳು.

ದಡಕ್ಕನೆ ಎದ್ದೆ. ಕಲಿತದ್ದೆಲ್ಲ ಮರೆತಿತ್ತು. ಕತ್ತಲೆ ಬಂತು. ಬೀಳುವ ಮುಂಚೆ ಅವಳೇ ಓಡಿ ಬಂದು ಹಿಡಿದು ಮಂಚದ ಮೇಲೆ ಕೂರಿಸಿದಳು.

"ಯಾಕ್ ಮಾವ ಹಂಗೆ ಏಳ್ತೀರಾ? ಬಿದ್ರೆ ಮತ್ತೆ ನನ್ನ ತಲೆಗೇ ಬರುತ್ತೆ!"

ತಲೆ ತಗ್ಗಿಸಿ ಕೂತಲ್ಲೇ ಹೇಳಿದೆ. ಮೂತ್ರದ ತೊಂದರೆ, ಬಾಷಾ ಸಾಬರ ಸ್ಟ್ರಿಪ್, ಬಚ್ಚಿಟ್ಟದ್ದು, ಎಲ್ಲ. ನೆಲ ನೋಡುತ್ತಲೇ ಹೇಳಿದೆ. ಅವಳ ಪಾದಗಳು ಅಲುಗಲಿಲ್ಲ.

"ಇವರಿಗೆ ಹೇಳಿದೀರಾ?"

"ಇಲ್ಲ."

"ಶೋಭಾಗೆ?"

"ಇಲ್ಲ ಕಣಮ್ಮ."

"ಹೇಳಿ ಮಾವ. ನಾನು ಹೇಳಿದ್ರೆ ಯಾರೂ ನಂಬಲ್ಲ."

ಅಷ್ಟು ಹೇಳಿ ಹೊರಗೆ ಹೋದಳು. ಸಿರಪ್ಪಿನ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ನೋಡಿ, ತಾನೇ ಅಳೆದು ಮಗುವಿಗೆ ಕುಡಿಸಿದಳು.

ಭಾನುವಾರ ಶೋಭಾಳನ್ನು ಕರೆಸಿ ಇಬ್ಬರ ಮುಂದೆಯೂ ಹೇಳಿದೆ. ಶೋಭಾ, "ಅಯ್ಯೋ ಅಪ್ಪಾ, ಇದಕ್ಯಾಕೆ ನಾಚ್ಕೆ! ನಮ್ಮ ಮಾವನೂ ತಗೋತಾರೆ," ಎಂದು ನಕ್ಕಳು. ಮಗನೂ ನಕ್ಕ. ನನಗೂ ಹಗುರಾಗಿ ನಗು ಬಂತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸದ್ದು ನಿಂತಿತ್ತು. ನಮ್ಮ ಮೂವರಲ್ಲಿ ಒಬ್ಬರೂ ಎದ್ದು ಆ ಕಡೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು.

ನಿಜ ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ನಿಜ ಹೇಳುವುದು ಬೇರೆ, ತಪ್ಪಾಯಿತು ಎನ್ನುವುದು ಬೇರೆ. ಮೊದಲನೆಯದಕ್ಕೆ ಬಾಯಿ ಸಾಕು. ಎರಡನೆಯದಕ್ಕೆ ಸಣ್ಣವನಾಗಬೇಕು. ಮಾವ ಎನ್ನಿಸಿಕೊಂಡವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲಿಲ್ಲ.

ಈಗ ಬೇರೆ ಡಾಕ್ಟರು ಮೂತ್ರದ ತೊಂದರೆಯನ್ನೂ ನೋಡುತ್ತಿದ್ದಾರೆ. ತಲೆಸುತ್ತು ಅಪರೂಪ. ಎದ್ದು ನಿಂತು ಬೆಳಗಿನ ಬಿಸಿಲು ನೋಡುವಾಗ, ಇಷ್ಟಾದರೂ ಉಳಿಯಿತಲ್ಲ ಎಂದು ಕೈ ಮುಗಿಯುತ್ತೇನೆ. ಮೊನ್ನೆ ಮಾತ್ರೆಗಳನ್ನು ಮತ್ತೆ ಅವಳ ಮುಂದೆ ಇಟ್ಟೆ. "ಬೇಡ ಮಾವ, ನೀವೇ ಇಟ್ಕೊಳ್ಳಿ," ಎಂದಳು. ಸಿಟ್ಟಿನಿಂದ ಅಲ್ಲ. ಅದೇ ನನಗೆ ಹೆಚ್ಚು ತಾಗಿತು.

ರಕ್ತ ಸುರಿಯುವಾಗ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡವಳನ್ನು ನಾಲ್ಕು ಜನರ ಮುಂದೆ ತಪ್ಪಿತಸ್ಥೆ ಮಾಡಿದೆ. ತಪ್ಪಾಯಿತು ಎಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಇಷ್ಟು ಬರೆಯುವಾಗಲೂ ಸೊಸೆ, ಸೊಸೆ ಎಂದೇ ಬರೆದಿದ್ದೇನೆ.

ಅವಳ ಹೆಸರು ಗಿರಿಜಾ.