ಕಾಲಿಡದೆ ಅಳೆದ ದೂರ

ಹೋದ ತಿಂಗಳು ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸು ದಾರಿಯ ನಡುವೆ ನಿಂತುಬಿಟ್ಟಿತು. ಮುಂದೆ ರಸ್ತೆ ಬದಿಯ ಹಳೆಯ ಮರವೊಂದನ್ನು ಕಡಿಯುತ್ತಿದ್ದರು. ಎಲ್ಲರೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರೆ ನಾನೊಬ್ಬಳು ಸೀಟಿನಲ್ಲಿ ಮುದುಡಿಕೊಂಡು ಎರಡೂ ಕಿವಿ ಮುಚ್ಚಿಕೊಂಡೆ. ನನಗೆ ಹೆದರಿಕೆ ಮರ ಬೀಳುವ ಸದ್ದಿಗಲ್ಲ. ಬೀಳುವ ಮುಂಚೆ ಅದರ ಒಡಲೊಳಗಿಂದ ಹೊರಡುವ ಚರಚರ ಎಂಬ ಸದ್ದಿಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ತಲೆನೋವೇನಮ್ಮಾ?" ಎಂದು ಕೇಳಿದಳು. ಹೌದು ಎಂದೆ. ಇಪ್ಪತ್ತು ವರ್ಷ ಹಳೆಯ ಭಯವನ್ನು ಬಸ್ಸಿನಲ್ಲಿ ಯಾರಿಗೆ ಹೇಳಲು ಬರುತ್ತದೆ? ನಿಮಗೆ ಹೇಳಬಹುದು. ಈಗ ಇಲ್ಲದ ಮನೆಯೊಂದು ನಿಮ್ಮ ಮನಸ್ಸಿನಲ್ಲೂ ಇದ್ದೀತು, ಅದರ ಬಾಗಿಲಲ್ಲಿ ನಿಮ್ಮನ್ನು ಕಾಯುವವರೂ ಇದ್ದಾರು.

ನನ್ನದು ದೇವನೂರಿನ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಅಪ್ಪ ಅಮ್ಮ ಕೆಲಸದ ಸಲುವಾಗಿ ಕಡೂರಿನಲ್ಲಿದ್ದರು. ನಾನು ಬೆಳೆದದ್ದು ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮರ ಜೊತೆ. ಮನೆಯ ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿಗಳಿರುತ್ತಿದ್ದವು. ಬೇಸಿಗೆಯಲ್ಲಿ ಅವುಗಳ ಎಣ್ಣೆವಾಸನೆ ಇಳಿದು ಬಂದು ನಮ್ಮ ತಲೆದಿಂಬಿಗೂ ಅಂಟುತ್ತಿತ್ತು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಆದರೆ ನಾನು ಹತ್ತನೇ ಕ್ಲಾಸಿನ ಪುಸ್ತಕ ತೆರೆದರೆ ಸಾಕು, ಎಲೆಅಡಿಕೆ ತಟ್ಟೆ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ದೂರ ಸೂತ್ರ ಅವನಿಗೆ ಹುಚ್ಚು ಹಿಡಿಸಿತು. ನೆಲದ ಚಪ್ಪಡಿಗಳ ಮೇಲೆ ಎರಡು ಹುರುಳಿಕಾಳಿಟ್ಟು ತೋರಿಸಿದ್ದೆ: ಈ ಕಾಳಿನಿಂದ ಅಡ್ಡಕ್ಕೆ ಎಷ್ಟು ಚಪ್ಪಡಿ, ನೇರಕ್ಕೆ ಎಷ್ಟು ಚಪ್ಪಡಿ ಎಂದು ಎಣಿಸು, ಎರಡನ್ನೂ ವರ್ಗ ಮಾಡಿ ಕೂಡಿಸು, ವರ್ಗಮೂಲ ತೆಗೆ, ಓರೆಯಾಗಿ ಆ ಕಾಳು ಎಷ್ಟು ದೂರ ಎಂಬುದು ಬಂತು. ಪೈಥಾಗೊರಸನ ಪ್ರಮೇಯವೇ ಅದರ ಬೇರು ಎಂದೂ ಬೀಗಿಕೊಂಡು ಹೇಳಿದ್ದೆ. ಮಾರನೇ ದಿನದಿಂದ ದೇವನೂರಿನ ಟೀ ಅಂಗಡಿಯಲ್ಲಿ ಅವನದು ಒಂದೇ ಮಾತು: "ನಮ್ಮ ಕೂಸು ಕಾಲಿಡದೇನೆ ದೂರ ಅಳೀತಾಳೆ ಕಣ್ರೀ."

ಆ ವರ್ಷ ಮುಂಗಾರಿನಲ್ಲಿ ಮನೆಯ ಮುಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಬಚ್ಚಲ ನೀರು ಕುಡಿದು ಬೆಳೆದ ಮರ, ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು. ಸುಳಿ ಸುಟ್ಟು, ಗರಿಗಳೆಲ್ಲ ಕಳಚಿ, ಬೋಳು ಕಂಬವಾಗಿ ಮನೆಯ ಕಡೆಗೇ ವಾಲಿಕೊಂಡು ನಿಂತಿತ್ತು. ಗಾಳಿ ಬೀಸಿದ ದಿನ ದೊಡ್ಡಮ್ಮ ಒಲೆಯ ಮುಂದೆ ಕೂತೇ ಮೇಲೆ ನೋಡುತ್ತಿದ್ದಳು. ಕಡಿಸಲೇಬೇಕಾಯಿತು. ಲಿಂಗದಹಳ್ಳಿ ಕಡೆಯಿಂದ ಇಬ್ಬರು ಮರ ಕಡಿಯುವವರನ್ನು ದೊಡ್ಡಪ್ಪ ಕರೆಸಿದ. ಅವರಲ್ಲಿ ಹಿರಿಯವನು ಮೇಲೆ ಹತ್ತಿ ತುದಿಗೆ ಹಗ್ಗ ಕಟ್ಟಿ, ಅದನ್ನೇ ಇಳಿಬಿಟ್ಟು ಅಳೆದು ಐವತ್ತಾರು ಅಡಿ ಎಂದ. ಹಗ್ಗದ ಇನ್ನೊಂದು ತುದಿಯನ್ನು ಅಂಗಳದ ಮೂಲೆಯ ಕಲ್ಲುಕಂಬಕ್ಕೆ ಎರಡು ಸುತ್ತು ಸುತ್ತಿ, ಒಬ್ಬರು ಬಿಗಿಯಾಗಿ ಎಳೆದು ಹಿಡಿಯಬೇಕು. ಹಾಗೆ ಹಿಡಿದರೆ ಮರ ಮನೆಯ ಕಡೆ ಹೋಗದೆ ಕಂಬದ ಕಡೆ ಬೀಳುತ್ತದೆ. ಕಂಬ ಐವತ್ತಾರು ಅಡಿಗಿಂತ ದೂರ ಇದ್ದರೆ ಹಿಡಿದವರಿಗೆ ಅಪಾಯವಿಲ್ಲ. ನಡುವೆ ಮಳೆನೀರು ತುಂಬಿದ ತಿಪ್ಪೆಗುಂಡಿ ಇದ್ದುದರಿಂದ ಟೇಪು ಹಿಡಿದು ನೇರ ನಡೆಯುವಂತಿರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಆಚೆಗೆ ಎಸೆದು ಅಳೆಯೋಣ ಎಂದು ದೊಡ್ಡಪ್ಪ ಹೊರಟಿದ್ದ. ಅವನನ್ನು ತಡೆದವಳು ನಾನು.

"ಬೇಡ ದೊಡ್ಡಪ್ಪಾ, ನಾನು ಲೆಕ್ಕ ಮಾಡಿ ಹೇಳ್ತೀನಿ."

"ಹಗ್ಗ ಹಿಡಿದು ನೋಡೋಕೆ ನಿಮಗೇನು ರೋಗ?" ಎಂದು ಅಜ್ಜಿ ಒಳಗಿನಿಂದ ಗದರಿದಳು. "ಪುಸ್ತಕದಲ್ಲಿರೋದು ಸುಳ್ಳಾಗುತ್ತೇನವ್ವಾ?" ಎಂದು ದೊಡ್ಡಪ್ಪ ಹಗ್ಗವನ್ನು ಕೆಳಗಿಟ್ಟ. ಮರ ಬೀಳುವುದನ್ನು ನೋಡಲಾರೆನೆಂದು ಅಜ್ಜಿ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಗುಂಡಿಯ ದಾರಿ ಬಿಟ್ಟು ಹೊಸಲಿನಿಂದ ಅಡ್ಡಕ್ಕೂ ಮುಂದಕ್ಕೂ ಟೇಪು ಹಿಡಿದು ಅಳೆದುಕೊಂಡು ಗ್ರಾಫ್ ಹಾಳೆ ತಂದೆ. ಹೊಸಲು ಮೂಲಬಿಂದು. ಹಾಳೆಯ ಒಂದು ಚೌಕದ ಮನೆಗೆ ಹತ್ತು ಅಡಿ. ಹೊಸಲಿನ ಎಡಕ್ಕೆ ಹೋದದ್ದೆಲ್ಲ ಮೈನಸ್. ಮರ ಎಡಕ್ಕೆ ಒಂದು ಮನೆ, ಮುಂದಕ್ಕೆ ಒಂದು ಮನೆ. ಕಂಬ ಎಡಕ್ಕೆ ನಾಲ್ಕು, ಮುಂದಕ್ಕೆ ಐದು. ಸೂತ್ರದಲ್ಲಿ ಹಾಕಿ, ಅರವತ್ತನಾಲ್ಕು ಅಡಿ ಎಂದು ಜೋರಾಗಿ ಕೂಗಿದೆ. ದೊಡ್ಡಪ್ಪ ಬೇಲಿಯಾಚೆ ನೋಡುತ್ತ ನಿಂತಿದ್ದವರ ಕಡೆ ತಿರುಗಿ ಮೀಸೆಯಡಿ ನಕ್ಕು, ಹೋಗಿ ಕಂಬದ ಹತ್ತಿರ ಹಗ್ಗ ಹಿಡಿದ.

ಕೊಡಲಿ ಬೀಳತೊಡಗಿತು. ನಾನು ಜಗಲಿಯ ಮೇಲೆ ಕೂತು, ನನ್ನ ಜಾಣತನವನ್ನು ಇನ್ನೊಮ್ಮೆ ನೋಡಿ ಖುಷಿಪಡೋಣವೆಂದು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡೆ. ಮರದ ಚುಕ್ಕೆಯಿಂದ ಕಂಬದ ಚುಕ್ಕೆಗೆ ಬೆರಳಿಟ್ಟು ಸುಮ್ಮನೆ ಮನೆ ಎಣಿಸಿದೆ. ಎಡಕ್ಕೆ ಮೂರು. ಮತ್ತೆ ಎಣಿಸಿದೆ, ಮೂರೇ. ಲೆಕ್ಕದಲ್ಲಿ ಐದು ಎಂದು ಬರೆದಿದ್ದೆ. ಮೈನಸ್ ನಾಲ್ಕರಿಂದ ಮೈನಸ್ ಒಂದನ್ನು ಕಳೆಯುವ ಬದಲು ಎರಡನ್ನೂ ಕೂಡಿಸಿಬಿಟ್ಟಿದ್ದೆ. ಅಡ್ಡಕ್ಕೆ ಮೂರು, ನೇರಕ್ಕೆ ನಾಲ್ಕು, ಓರೆಗೆ ಐದು: ಪುಸ್ತಕದ ಮೊಟ್ಟಮೊದಲ ಉದಾಹರಣೆ. ಐವತ್ತೇ ಅಡಿ. ಐವತ್ತಾರು ಅಡಿಯ ಮರ ಬೀಳುವ ಜಾಗದಲ್ಲೇ ದೊಡ್ಡಪ್ಪ ನಿಂತಿದ್ದ.

ಇನ್ನು ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಕೂಗಲಿಲ್ಲ. ಕೂಗಿದರೆ ಬೇಲಿಯಾಚೆಯವರು ನಗುತ್ತಾರೆ ಎಂಬುದೇ ನನಗೆ ಮೊದಲು ಹೊಳೆದದ್ದು. ದೊಡ್ಡಪ್ಪ ಸಾಯುತ್ತಾನೆ ಎಂಬುದು ಆಮೇಲೆ. ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು ಕೂತೆ. ಹಿರಿಯವನು ತಪ್ಪಾಗಿ ಅಳೆದಿರಲಿ, ಮರ ಐವತ್ತಕ್ಕಿಂತ ಗಿಡ್ಡ ಇರಲಿ ಎಂದು ಬೇಡಿಕೊಂಡೆ. ಕೊಡಲಿ ಬೀಳುತ್ತಲೇ ಇತ್ತು. ಪ್ರತಿ ಏಟಿಗೂ ಜಗಲಿಯ ಕಲ್ಲು ಸಣ್ಣಗೆ ನಡುಗುತ್ತಿತ್ತು. ಹನ್ನೊಂದು ಏಟು ಎಣಿಸಿದ್ದೇನೆ. ಒಂದನೇ ಏಟಿಗೇ ಬಾಯಿಬಿಟ್ಟಿದ್ದರೆ ಕೊಡಲಿ ನಿಲ್ಲಿಸಿ, ಉದ್ದದ ಹಗ್ಗ ತಂದು, ಬೇಲಿಯಾಚೆಯ ಹುಣಸೆ ಮರಕ್ಕೆ ಸುತ್ತಬಹುದಿತ್ತು. ಹನ್ನೊಂದರ ನಂತರ ಆ ಚರಚರ ಸದ್ದು ಹೊರಟಿತು. ಆಗ ಎದ್ದು ಓಡಿದೆ.

ತಿಪ್ಪೆಯ ಅಂಚಿನ ಕೆಸರಿನಲ್ಲಿ ಜಾರಿ, ಎದ್ದು, ಅವನ ತೋಳು ಹಿಡಿದುಕೊಂಡೆ. "ದೊಡ್ಡಪ್ಪಾ, ಐವತ್ತೇ ಅಡಿ. ಮೈನಸ್ ತಪ್ಪಿಬಿಟ್ಟೆ. ಬಿಟ್ಟು ಬಾ." ಅವನು ಮರ ನೋಡಿದ, ಮನೆ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅವನು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಈಗ ಬಿಟ್ರೆ ಮನೆ ಮೇಲೆ ಹೋಗುತ್ತೆ ಕಣೇ. ಒಳಗೆ ಅವ್ವ ಇದ್ದಾಳೆ."

ಅಷ್ಟು ಹೇಳಿ ಮೊಣಕೈಯಿಂದ ನನ್ನನ್ನು ಬಲವಾಗಿ ಆಚೆಗೆ ತಳ್ಳಿದ. ಬೇಲಿಯ ಬುಡಕ್ಕೆ ಹೋಗಿ ಬಿದ್ದೆ. ಅಲ್ಲಿಂದಲೇ ಎಲ್ಲ ಕಂಡೆ: ಮರ ಮನೆಯ ಕಡೆಗೆ ಒಂದಿಷ್ಟು ವಾಲಿತು, ಹಗ್ಗ ಬಿಗಿದು ಅವನ ಹಿಮ್ಮಡಿ ಮಣ್ಣಿನಲ್ಲಿ ಹೂತುಕೊಂಡಿತು, ಮರ ನಿಂತಿತು, ಆಮೇಲೆ ನಿಧಾನವಾಗಿ ಅವನ ಕಡೆ ತಿರುಗಿತು. ತಿರುಗಿತೆಂದು ಖಾತ್ರಿಯಾಗುವವರೆಗೂ ಅವನು ಹಗ್ಗ ಬಿಡಲಿಲ್ಲ. ಬಿಟ್ಟು ಪಕ್ಕಕ್ಕೆ ಹಾರುವಷ್ಟರಲ್ಲಿ ಮರದ ತುದಿ ಎಡ ಮೊಣಕಾಲಿನ ಮೇಲೆ ಬಂತು.

ದೇವರ ಕೋಣೆಯಿಂದ ಹೊರಬಂದ ಅಜ್ಜಿಯ ಸೆರಗಿನ ಮೇಲೆ ಒಂದು ಚೂರು ಮಣ್ಣೂ ಬಿದ್ದಿರಲಿಲ್ಲ. ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ದೊಡ್ಡಪ್ಪ ಒಂದೇ ಕಥೆ ಹೇಳಿದ: "ಎಳೆಯೋ ಭರದಲ್ಲಿ ನಾನೇ ನಾಲ್ಕು ಹೆಜ್ಜೆ ಮುಂದೆ ಬಂದ್ಬಿಟ್ಟೆ ಕಣ್ರೀ. ಕೂಸು ಹೇಳಿದ ಜಾಗದಲ್ಲೇ ನಿಂತಿದ್ರೆ ಏನೂ ಆಗ್ತಿರ್ಲಿಲ್ಲ." ಎಲ್ಲರೂ ನನ್ನ ತಲೆ ಸವರಿ ಹೋದರು. ಯಾರೂ ಇಲ್ಲದಾಗ ನಾನು ಅಳುತ್ತ ಮಂಚದ ಹತ್ತಿರ ಹೋದರೆ, "ಸುಮ್ನಿರು, ಪರೀಕ್ಷೇಲಿ ಸರಿಯಾಗಿ ಬರಿ" ಎಂದಷ್ಟೇ ಹೇಳಿದ. ಕಾಲು ಮತ್ತೆ ಮಡಚಲು ಬರಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು, ಸರಿಯಾಗಿ ಬರೆದೆ. ಈಗ ಅಜ್ಜಂಪುರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಚೀಟಿಯ ಅಂಕಿಯನ್ನು ಎರಡು ಸಲ ಓದದೆ ಒಂದು ಗುಳಿಗೆಯನ್ನೂ ಯಾರ ಕೈಗೂ ಕೊಡುವುದಿಲ್ಲ.

ಅಜ್ಜಿ ಹೋದಳು, ಎರಡು ವರ್ಷದ ಹಿಂದೆ ದೊಡ್ಡಪ್ಪನೂ ಹೋದ. ಮನೆಯನ್ನು ಬಿಚ್ಚಿದರು, ಅಟ್ಟದ ತೊಲೆಗಳು ಯಾರ ಮನೆಗೆ ಹೋದವೋ ಗೊತ್ತಿಲ್ಲ. ದೊಡ್ಡಮ್ಮ ತರೀಕೆರೆಯಲ್ಲಿ ತಂಗಿಯ ಜೊತೆ ಇದ್ದಾಳೆ. ಆ ದಿನ ಕಡೂರಿನ ಅಪ್ಪ ಅಮ್ಮನ ಮನೆಯಿಂದ ಬಸ್ಸಿನಲ್ಲಿ ಹೊರಟಿದ್ದು ಅವಳನ್ನು ನೋಡಲಿಕ್ಕೆ. ಈ ಸಲ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಆದರೆ ಊಟ ಬಡಿಸುತ್ತ ಅವಳೇ ಮಾತು ತೆಗೆದಳು.

"ನಿಮ್ಮ ದೊಡ್ಡಪ್ಪ ಕೊನೇಲಿ ನನಗೆ ಎಲ್ಲಾ ಹೇಳಿದ್ರು ಕಣೇ. ಲೆಕ್ಕ ತಪ್ಪಿತ್ತಂತೆ. ತಪ್ಪು ಯಾರು ಮಾಡಲ್ಲ? ಗೊತ್ತಾದ ತಕ್ಷಣ ಪ್ರಾಣದ ಹಂಗು ಬಿಟ್ಟು ಮರದ ಕೆಳಗೇ ಓಡಿ ಬಂದ್ಳಲ್ಲ, ಅಂಥ ಮಗಳು ಯಾರಿಗಿದ್ದಾಳೆ ಅಂತ ಕಣ್ಣೀರು ಹಾಕ್ಕೊಂಡ್ರು."

ತಟ್ಟೆಯಲ್ಲಿ ಕೈ ನಿಂತಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡು, ಹೆಮ್ಮೆಯಿಂದ.

"ಹೌದು ದೊಡ್ಡಮ್ಮಾ," ಎಂದೆ. "ಗೊತ್ತಾದ ತಕ್ಷಣ ಓಡಿದೆ."