ಕೊನೆಯ ವಾರ್ಡಿನ ಅಕ್ಕ

ಅವರ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಹುಡುಗಿಯಾಗಿದ್ದಾಗ ಹೊಳೆಯ ಕೆಸರಲ್ಲಿ ಚಿಪ್ಪುಮೀನು ಹೆಕ್ಕಿ ತಂದು, ಚಿಪ್ಪು ಬಿಡಿಸಿ ಬಿಡಿಸಿ ಹೋದ ಉಗುರು ಮತ್ತೆ ಬೆಳೆಯಲಿಲ್ಲವಂತೆ. ಆ ಬೋಳು ಬೆರಳನ್ನು ಸೌಟಿನ ಹಿಡಿಯ ಮೇಲೆ ಒತ್ತಿ ಅವರು ಅನ್ನ ಬಡಿಸುತ್ತಿದ್ದರು. ಮೊದಲ ದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ನಾನು ಅವರ ಮುಖ ನೋಡಲೇ ಇಲ್ಲ, ಬೆರಳನ್ನೇ ನೋಡುತ್ತಿದ್ದೆ. "ಎಂತ ನೋಡುದು? ಬೆರಳು ಸಾರಿಗೆ ಬೀಳುದಿಲ್ಲ. ತಟ್ಟೆ ಮುಂದೆ ಹಿಡಿ" ಎಂದರು. ನಮ್ಮ ಪರಿಚಯ ಹಾಗೆ ಶುರುವಾಯಿತು.

ವಸಂತನರಸಾಪುರದಲ್ಲಿ ನಮ್ಮ ಪ್ಯಾಕಿಂಗ್ ಕಂಪನಿಯ ಗೇಟಿನ ಎದುರಿಗೇ ಅವರ ತಗಡಿನ ಮೆಸ್ ಇತ್ತು. ಕಾಂಟ್ರ್ಯಾಕ್ಟ್ ಮೇಲೆ ದುಡಿಯುವ ನಮಗೆ ಒಳಗಿನ ಕ್ಯಾಂಟೀನಿನಲ್ಲಿ ಊಟವಿರಲಿಲ್ಲ. ಚೇಳೂರಿನಿಂದ ಬೆಳಿಗ್ಗೆ ಬಸ್ ಹಿಡಿದು ಬರುವ ನನ್ನಂಥವರಿಗೆ ಮಧ್ಯಾಹ್ನ ಅವರೇ ಗತಿ. ಅವರ ಯಜಮಾನರು ಲಾರಿ ಡ್ರೈವರ್. ಇಲ್ಲಿ ಒಂದೊಂದೇ ಕಂಪನಿ ಏಳುವಾಗ ಕಬ್ಬಿಣ ತಂದು ಇಳಿಸುತ್ತ ಇಲ್ಲೇ ಬೇರು ಬಿಟ್ಟರು, ಹೆಂಡತಿಯನ್ನೂ ಕರೆಸಿಕೊಂಡರು, ಆಮೇಲೆ ಒಂದು ಬೇಸಿಗೆ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅಕ್ಕ ಮೆಸ್ ಮುಚ್ಚಲಿಲ್ಲ.

ಎಲ್ಲರೂ ಅವರನ್ನು ಮಂಗಳೂರಕ್ಕ ಎನ್ನುತ್ತಿದ್ದರು. ಅವರದು ಮಂಗಳೂರಲ್ಲ. ನಮ್ಮ ಸೀಮೆಯವರಿಗೆ ಘಟ್ಟದ ಕೆಳಗಿರುವುದೆಲ್ಲ ಮಂಗಳೂರೇ. ಅವರು ಪ್ರತಿಸಲವೂ ತಮ್ಮ ಊರಿನ ಹೆಸರು ಹೇಳಿ ತಿದ್ದುವರು, ನಾವು ಪ್ರತಿಸಲವೂ ಮರೆಯುವೆವು. ಕೊನೆಗೆ ಅವರೇ ಸೋತು "ಆಯ್ತು, ಮಂಗಳೂರು ಅಂತ್ಲೇ ಹೇಳಿ. ಆದ್ರೆ ನಮ್ಮದು ಬೇರೆ ಪುರಸಭೆ, ಗೊತ್ತುಂಟಲ್ಲ?" ಎಂದು ರಾಜಿಯಾದರು.

ಮೆಸ್ ಶುರುಮಾಡಿದ ಹೊಸದರಲ್ಲಿ ಅವರು ಮಾಡಿದ ತಪ್ಪನ್ನು ಹಳಬರು ಈಗಲೂ ಹೇಳಿಕೊಂಡು ನಗುತ್ತಾರೆ. ಸುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ. ಇವರು ನಮ್ಮವರೇ ಬಿಡು ಎಂದುಕೊಂಡು, ಸಾರಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆಯ ಒಗ್ಗರಣೆ ಹಾಕಿಬಿಟ್ಟರು. ಮೂಗಿನ ಹತ್ತಿರ ತಟ್ಟೆ ತಂದವರೆಲ್ಲ ಹಾಗೇ ಕೆಳಗಿಟ್ಟರು. "ಅಕ್ಕಾ, ಇದು ತಲೆಗಚ್ಚೋದು ಕಣಕ್ಕಾ" ಎಂದನಂತೆ ಒಬ್ಬ. ಅವರಿಗೆ ಸಿಟ್ಟಿಗಿಂತ ಹೆಚ್ಚು ಆಶ್ಚರ್ಯವಾಯಿತಂತೆ. ವರ್ಷಗಟ್ಟಲೆ ಕಾಯಿಯನ್ನು ಅಟ್ಟದ ಮೇಲಿಟ್ಟು ಕೊಬ್ಬರಿ ಮಾಡುತ್ತೀರಿ, ಲಾರಿ ತುಂಬಿಸಿ ಕಳಿಸುತ್ತೀರಿ, ಎಣ್ಣೆಯನ್ನು ಮಾತ್ರ ತಲೆಗೆ ಸುರಿದುಕೊಳ್ಳುತ್ತೀರಲ್ಲ, ಎಂಥ ಜನ ನೀವು ಎಂದು ಬೈದರು. ಮಾರನೆಯ ದಿನದಿಂದ ಕಡಲೆಕಾಯಿ ಎಣ್ಣೆ ಬಂತು. ಮುದ್ದೆ ಕಟ್ಟುವುದನ್ನೂ ಕಲಿತರು, ಅದು ಕೊನೆಯವರೆಗೂ ಸ್ವಲ್ಪ ಗಂಟುಗಂಟಾಗಿಯೇ ಇರುತ್ತಿತ್ತು. ತಮ್ಮ ಪಾಲಿನ ಪಲ್ಯಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಹಾಕುವುದನ್ನು ಬಿಡಲಿಲ್ಲ.

ಬಡಿಸುತ್ತ ಬಡಿಸುತ್ತ ಅವರು ಊರನ್ನು ಹೇಳುವರು. ಕಥೆಯ ಹಾಗೆ ಹೇಳುತ್ತಿರಲಿಲ್ಲ, ನಿನ್ನೆ ತಾನೇ ಸಂತೆಗೆ ಹೋಗಿಬಂದವರ ಹಾಗೆ ಹೇಳುತ್ತಿದ್ದರು. ಈ ಕಡೆ ಹೊಳೆ, ಆ ಕಡೆ ಕಡಲು, ನಡುವೆ ಸೊಂಟಕ್ಕೆ ಕಟ್ಟಿದ ಉಡಿದಾರದಷ್ಟು ನೆಲ, ಅದೇ ಪುರಸಭೆ. ಇರುವುದು ಒಂದೇ ದೊಡ್ಡ ರಸ್ತೆ. ಬಸ್ ಸ್ಟ್ಯಾಂಡ್, ಮೀನು ಮಾರ್ಕೆಟ್ಟು, ಐಸ್ ಫ್ಯಾಕ್ಟರಿ, ಹೆಂಚಿನ ಮಾಡಿನ ಪುರಸಭೆ ಆಫೀಸು ಎಲ್ಲ ಅದರ ಮೇಲೇ. ಊರೊಳಗೇ ಗದ್ದೆ, ಗದ್ದೆಯೊಳಗೇ ಮನೆ. ಹಳ್ಳಿಯೋ ಪಟ್ಟಣವೋ ಎಂದು ಅಲ್ಲಿಯವರಿಗೇ ಜಗಳವಂತೆ. ತೆರಿಗೆ ಕಟ್ಟುವಾಗ ಹಳ್ಳಿ ಎನ್ನುವರು, ಬೀದಿದೀಪ ಕೇಳುವಾಗ ಪಟ್ಟಣ ಎನ್ನುವರು. ಅಧ್ಯಕ್ಷರು ಸ್ಕೂಟರಿನಲ್ಲಿ ಹೊರಟರೆ ಜನ ಮೂರು ಕಡೆ ನಿಲ್ಲಿಸಿ ನೀರಿನ ವಿಷಯ ಕೇಳುವರು. ಸುತ್ತ ನೀರೇ ಇದ್ದರೂ ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪು. ಕಡಲು ಉಕ್ಕಿ ಭರತ ಜೋರಾದರೆ ಚರಂಡಿ ಹಿಂದಕ್ಕೆ ಹರಿದು ಏಡಿಗಳು ಆಫೀಸಿನ ಮೆಟ್ಟಿಲು ಹತ್ತುವವು. ಮಳೆಗಾಲದಲ್ಲಿ ದೋಣಿಗಳನ್ನು ಮೇಲೆಳೆದು ಕವುಚಿ ಹಾಕಿ ಊರೆಲ್ಲ ಬಲೆ ಹೆಣೆಯುತ್ತ ಕೂರುವುದು, ಹಳೆಯ ಜಗಳಗಳನ್ನೆಲ್ಲ ಆಗಲೇ ತೆಗೆಯುವುದು.

ಕಡಲನ್ನೇ ನೋಡದ ನಾವು ಆ ಊರಿನಲ್ಲಿ ಕಣ್ಣುಮುಚ್ಚಿ ತಿರುಗಾಡುವಷ್ಟಾಗಿದ್ದೆವು. ಐಸ್ ಫ್ಯಾಕ್ಟರಿಯ ಹತ್ತಿರ ಎಡಕ್ಕೆ ತಿರುಗಿದರೆ ಅಕ್ಕನ ವಾರ್ಡು, ಕೊನೆಯದು. ಬಾವಿಕಟ್ಟೆ, ಪಕ್ಕದಲ್ಲಿ ಅಕ್ಕನ ತವರುಮನೆ, ಆಮೇಲೆ ಹಲಸಿನ ಮರ, ಆಮೇಲೆ ಕಡಲು. ಮೆಸ್ಸಿನ ಮುಂದೆ ನೀರು ನಿಂತರೆ ನಮ್ಮ ಹುಡುಗರು "ನಿಮ್ ಪುರಸಭೆಗೊಂದು ಫೋನ್ ಹಾಕಕ್ಕ" ಎಂದು ರೇಗಿಸುವರು. "ಹಾಕಿದ್ರೆ ಅವರು ಬಂದಾರು ಮಾರಾಯ, ನಿಮ್ಮ ಪಂಚಾಯ್ತಿಯ ಹಾಗಲ್ಲ" ಎಂದು ಅವರು ತಿರುಗಿಸಿ ಕೊಡುವರು.

ಆ ವಾರ್ಡನ್ನು ಕಡಲು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿದೆ ಎಂಬುದನ್ನೂ ಅವರೇ ಹೇಳಿದ್ದರು. ಪ್ರತಿ ಮಳೆಗಾಲ ಯಾವುದೋ ಒಂದು ಅಂಗಳ ಹೋಗುವುದು, ಮನೆಯವರು ಬೇರೆ ಕಡೆಗೆ ಹೋಗುವರು. ಅಕ್ಕನ ಅಣ್ಣ ಮಾತ್ರ ಅಲ್ಲೇ ಇದ್ದರು. ವೋಟರ್ ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಾದರೆ ವಾರ್ಡನ್ನು ಪಕ್ಕದ್ದಕ್ಕೆ ಸೇರಿಸುತ್ತಾರೆ, ಸೇರಿಸಿದರೆ ತಮ್ಮದೇ ಮೆಂಬರ್ ಇರುವುದಿಲ್ಲ, ಮೆಂಬರ್ ಇಲ್ಲದಿದ್ದರೆ ದಡಕ್ಕೆ ಕಲ್ಲು ಹಾಕಿಸುವವರಿಲ್ಲ, ಕಲ್ಲಿಲ್ಲದಿದ್ದರೆ ಅಣ್ಣನ ಮನೆಯೂ ಹೋಗುತ್ತದೆ. ಇದು ಅಕ್ಕನ ಲೆಕ್ಕಾಚಾರ. ವಾರ್ಡು ಮಾಡುವುದು ಜನಸಂಖ್ಯೆ ನೋಡಿ, ವೋಟು ನೋಡಿ ಅಲ್ಲ ಎಂದು ನಾನು ಕೇಳಿದ್ದನ್ನು ಹೇಳಿದರೆ ಒಪ್ಪುತ್ತಿರಲಿಲ್ಲ. ಪುರಸಭೆ ಚುನಾವಣೆ ಬಂದರೆ ಮೆಸ್ ಬಾಗಿಲು ಹಾಕಿ ಕುಣಿಗಲ್ಲಿಗೆ ಹೋಗಿ, ಅಲ್ಲಿ ಘಟ್ಟ ಇಳಿಯುವ ಬಸ್ ಹಿಡಿಯುವರು. ವೋಟು ಹಾಕಿ, ಬೆರಳಿನ ಶಾಯಿ ಮಾಸುವ ಮೊದಲೇ ವಾಪಸ್ಸು ಬಂದು ಒಲೆ ಹಚ್ಚುವರು. ಕಾನೂನು ಏನನ್ನುತ್ತದೋ ನನಗೆ ತಿಳಿಯದು. ಅವರಂತೂ ಅದನ್ನು ವ್ರತದ ಹಾಗೆ ಮಾಡಿದರು.

ರಸ್ತೆ ಅಗಲ ಮಾಡುವಾಗ ಮೆಸ್ಸಿಗೆ ಕುತ್ತು ಬಂತು. ನಮ್ಮ ಕಡೆಯ ಪಂಚಾಯ್ತಿ ಮೆಂಬರೊಬ್ಬರು ಊಟಕ್ಕೆ ಬರುತ್ತಿದ್ದರು, ಕೆಟ್ಟವರಲ್ಲ. ಗೇಟಿನ ಹತ್ತಿರ ಹೊಸ ಮಳಿಗೆಗಳು ಏಳುತ್ತಿವೆ, ಒಂದನ್ನು ಕೊಡಿಸುತ್ತೇನೆ, ಆದರೆ ನಮ್ಮೂರ ವೋಟರ್ ಆಗಬೇಕು, ಅಲ್ಲಿಯ ಹೆಸರು ತೆಗೆಸಿ ಇಲ್ಲಿ ಹಾಕಿಸಿ ಎಂದರು. ಅಕ್ಕ ಯೋಚಿಸಿ ಹೇಳುತ್ತೇನೆ ಎಂದಾಗ ಅವರು ನಮ್ಮ ಕಡೆ ತಿರುಗಿ ನಕ್ಕು, "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ" ಎಂದರು. ನಾವೂ ಹಾಗೇ ಅಂದುಕೊಂಡಿದ್ದೆವು.

ಅಕ್ಕ ನೀರಿಗೆ ಬರಲಿಲ್ಲ. ಮಳಿಗೆ ಬೇರೆಯವರ ಪಾಲಾಯಿತು, ಮೆಸ್ ಹಿಂದಿನ ಹೊಲದ ಮೂಲೆಗೆ ಹೋಯಿತು. ಅಲ್ಲಿಗೆ ನಡೆದು ಬರುವಷ್ಟು ಹೊತ್ತು ಊಟದ ಬಿಡುವಿನಲ್ಲಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಸಾಲು ಸಣ್ಣದಾಯಿತು. ನನಗೆ ತಡೆಯಲಾಗದೆ ಒಂದು ದಿನ ಬೈದೇಬಿಟ್ಟೆ. "ಒಂದು ವೋಟಿಗೋಸ್ಕರ ಯಾರಾದ್ರೂ ಹೊಟ್ಟೆ ಮೇಲೆ ಹೊಡ್ಕೊಂತಾರೇನಕ್ಕ? ನೀನು ಇರೋದು ಇಲ್ಲಿ, ಉಣ್ಣೋದು ಇಲ್ಲಿ" ಎಂದೆ. ಅವರು ಪಾತ್ರೆ ತಿಕ್ಕುತ್ತಿದ್ದರು, ತಲೆ ಎತ್ತಲಿಲ್ಲ.

"ಇಲ್ಲಿ ನಾನು ಇಲ್ಲದಿದ್ರೆ ಇನ್ನೊಬ್ಬಳು ಅನ್ನ ಹಾಕ್ತಾಳೆ. ಅಲ್ಲಿ ನಾನು ಇಲ್ಲದಿದ್ರೆ ಒಂದು ಮನೆ ಇಲ್ಲ ಅಂತ ಆಗ್ತದೆ" ಎಂದರು.

ಕೊನೆಯ ಸಲ ವೋಟು ಹಾಕಲು ಊರಿಗೆ ಹೋಗುವಾಗ ಅವರಿಗೆ ಉಸಿರಿನ ತೊಂದರೆ ಶುರುವಾಗಿತ್ತು. ತುಮಕೂರಿನ ಡಾಕ್ಟರು ಪ್ರಯಾಣ ಬೇಡ ಎಂದಿದ್ದರು. ಹೋಗೇ ಹೋಗುತ್ತೇನೆ ಎಂದು ಹಟ ಹಿಡಿದಾಗ ನಾನು ರಜೆ ಹಾಕಿ ಜೊತೆಗೆ ಹೊರಟೆ. ಊರು ಅವರು ಹೇಳಿದ ಹಾಗೇ ಇತ್ತು, ಆದರೆ ಎಲ್ಲವೂ ಸ್ವಲ್ಪ ಚಿಕ್ಕದು. ಐಸ್ ಫ್ಯಾಕ್ಟರಿ ಕಂಡ ಕೂಡಲೇ ನಾನೇ "ಇಲ್ಲಿ ಎಡಕ್ಕೆ" ಎಂದೆ. ರಿಕ್ಷಾದವನು ನನ್ನನ್ನೇ ನೋಡಿದ. ಶಾಲೆಯಲ್ಲಿ ಅಕ್ಕ ಗೋಡೆ ಹಿಡಿದು ನಡೆದು ವೋಟು ಹಾಕಿ ಬಂದರು. ಆಮೇಲೆ ಅಣ್ಣನ ಮನೆಗೆ ಹೋದೆವು. ಅದು ಅವರ ತವರುಮನೆಯಲ್ಲ, ಅದರ ಹಿಂದೆ ಆಮೇಲೆ ಕಟ್ಟಿಕೊಂಡ ಎರಡು ಕೋಣೆ. ಬಾವಿಕಟ್ಟೆ, ಹಲಸಿನ ಮರ, ತವರುಮನೆ ಎಲ್ಲಿ ಎಂದು ನಾನು ಹುಡುಕಿದೆ. ಅಕ್ಕ ಕಲ್ಲಿನ ರಾಶಿಯ ಮೇಲೆ ಕೂತು, ತೆರೆ ಒಡೆಯುತ್ತಿದ್ದ ಕಡೆಗೆ ಆ ಅರ್ಧ ಉಗುರಿನ ಬೆರಳು ಚಾಚಿದರು.

"ಅದು ಅಡುಗೆಮನೆ" ಎಂದರು.

ಎಷ್ಟೋ ವರ್ಷಗಳ ಹಿಂದೆಯೇ ಅದು ಹೋಗಿತ್ತು. ನಾನು ಮೆಸ್ಸಿಗೆ ಬರುವ ಮೊದಲೇ. ದಿನಾ ಮಧ್ಯಾಹ್ನ ಅವರು ನಮಗೆ ಬಡಿಸಿದ್ದು ನೀರಿನೊಳಗಿನ ಬೀದಿಯನ್ನು. ನನಗೆ ದುಃಖವೂ ಆಯಿತು, ಮೋಸ ಹೋದೆನೇನೋ ಎಂಬ ಸಿಟ್ಟೂ ಬಂತು. ಯಾಕಕ್ಕ ಹೇಳಲಿಲ್ಲ ಎಂದು ಕೇಳಿದೆ. ಅವರು ಸೆರಗಿನಿಂದ ಮುಖದ ಮೇಲಿನ ಉಪ್ಪುನೀರು ಒರೆಸಿಕೊಂಡರು.

"ಇಲ್ಲಿ ನಿಂತು ಹೇಳಿದ್ರೆ ಯಾರೂ ನಂಬುದಿಲ್ಲ, ಎದುರಿಗೇ ಕಾಣ್ತದಲ್ಲ ಇಲ್ಲ ಅಂತ. ಅಲ್ಲಿ ಕೂತು ಹೇಳಿದ್ರೆ ನೀವು ನಂಬ್ತೀರಿ" ಎಂದರು.

ಆ ಚಳಿಗಾಲ ಅಕ್ಕ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಣ್ಣ ಬಂದರು. ಲುಂಗಿ ಉಟ್ಟ, ಹೆಚ್ಚು ಮಾತಾಡದ ಮನುಷ್ಯ. ನಮ್ಮ ಹುಡುಗರೇ ಹೆಗಲು ಕೊಟ್ಟರು. ಬೂದಿಯ ಮಡಕೆ ಹಿಡಿದು ಅಣ್ಣ ಕುಣಿಗಲ್ಲಿನಲ್ಲಿ ಬಸ್ ಹತ್ತುವಾಗ, ಅಡುಗೆಮನೆಯ ಹತ್ತಿರವೇ ಬಿಡಿ ಎಂದೆ. ಅವರಿಗೆ ಅರ್ಥವಾಯಿತು, ತಲೆಯಾಡಿಸಿದರು.

ನಾನೀಗ ಪಲ್ಯಕ್ಕೆ ಕೊಬ್ಬರಿ ಎಣ್ಣೆ ಹಾಕುತ್ತೇನೆ. ನಮ್ಮವ್ವ ಮೂಗು ಮುಚ್ಚಿಕೊಂಡೇ ಉಣ್ಣುತ್ತಾಳೆ. ಯಾವುದನ್ನೂ ಸುಲಭಕ್ಕೆ ಇಲ್ಲ ಎಂದು ಬಿಟ್ಟುಕೊಡಬಾರದು ಎಂಬುದನ್ನು ನಾನು ಕಲಿತದ್ದು ಅಕ್ಕನಿಂದ.

ಹೋದ ತಿಂಗಳು ಅಣ್ಣ ಫೋನ್ ಮಾಡಿದ್ದರು. ವಾರ್ಡನ್ನು ಪಕ್ಕದ್ದಕ್ಕೆ ಸೇರಿಸಿದರಂತೆ, ತಾವೂ ಮಗಳ ಮನೆಗೆ ಹೋಗುತ್ತಿದ್ದಾರಂತೆ. ಅಲ್ಲಿಯವರಿಗೆಲ್ಲ ಹೇಳಿಬಿಡಿ ಎಂದರು. ಆಯ್ತು ಎಂದು ಫೋನಿಟ್ಟೆ. ಮಾರನೆಯ ದಿನ ಕಂಪನಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಮೆಸ್ಸಿನಲ್ಲಿ ನಮ್ಮ ಜೊತೆ ಉಣ್ಣುತ್ತಿದ್ದ ಹಳೆಯ ಹುಡುಗನೊಬ್ಬ, ಮಳೆಗಾಲ ಬಂತಲ್ಲ ಎಂದು ನೆನಪಿಸಿಕೊಂಡು ಕೇಳಿದ.

"ಅಕ್ಕನ ವಾರ್ಡಿಗೆ ಈ ಸಲ ಕಲ್ಲು ಹಾಕುದ್ರಂತಾ?"

"ಹಾಕವ್ರೆ," ಎಂದೆ.