ಗೋಡೆಗೆ ಹೊದಿಸಿದ್ದ ಚೀಲಗಳು

ಒಬ್ಬ ಹೆಂಗಸಿಗೆ ದಿನಕ್ಕೆ ಅರ್ಧ ಕೂಲಿಯಂತೆ ನಾಲ್ಕು ತಿಂಗಳಿಂದ ಬಾಕಿ ಬೀಳುತ್ತಿದೆ. ಬಾಕಿದಾರ ನಾನು. ಗಾರೆ ಮೇಸ್ತ್ರಿಯ ಕೂಲಿ ಎಣಿಸಬೇಕಾದವಳು ಈಗ ಮರಳು ಹೊತ್ತು ಆಳಿನ ಕೂಲಿ ಎಣಿಸುತ್ತಿದ್ದಾಳೆ. ಆ ಅರ್ಧವನ್ನು ತಿಂದದ್ದು ನನ್ನ ಹೆಬ್ಬೆರಳು.

ಎಲ್ಲರೂ ಆಕೆಯನ್ನು ಕರಣೆಯಕ್ಕ ಅನ್ನುತ್ತಾರೆ. ಹತ್ತೊಂಬತ್ತನೇ ವಯಸ್ಸಿಗೆ ಮರಳು, ಗಾರೆಯ ಬಾಂಡ್ಲಿ ಹೊತ್ತವಳು. ಗಂಡಸರು ಗೋಡೆಗೆ ಗಾರೆ ಮೆತ್ತುವುದನ್ನು ಹನ್ನೆರಡು ವರ್ಷ ಕೆಳಗೆ ನಿಂತು ನೋಡಿದಳು. ಊಟದ ಬಿಡುವಿನಲ್ಲಿ ಉಳಿದ ಗಾರೆಯನ್ನು ಒಡೆದ ಇಟ್ಟಿಗೆಗಳ ಮೇಲೆ ಎಳೆದು, ಕೆರೆದು, ಮತ್ತೆ ಎಳೆದು ಕಲಿತಳು. ಮೊದಲ ಸಲ ಗಾರೆ ಎಳೆಯುವ ಕರಣೆ ಹಿಡಿದು ಅಟ್ಟಣೆ ಹತ್ತಿದಾಗ ಜೊತೆಯವನೊಬ್ಬ, “ಒಲೆ ಸಾರಿಸ್ದಂಗಲ್ಲ ಕಣಮ್ಮ ಇದು” ಅಂದನಂತೆ.

“ಗೊತ್ತಪ್ಪ. ಒಲೆ ಸಾರಿಸೋದು ಕಷ್ಟದ ಕೆಲಸ, ಅದಕ್ಕೇ ನೀನು ಮಾಡಲ್ಲ.”

ಗೋಡೆಯ ನುಣುಪನ್ನು ಆಕೆ ನೋಡುವುದು ಕೈಯ ಹಿಂಬದಿಯಿಂದ. ಅಂಗೈ ಜಡ್ಡುಗಟ್ಟಿದೆ, ಉಬ್ಬುತಗ್ಗು ಅದಕ್ಕೆ ತಿಳಿಯುವುದಿಲ್ಲ. ಕೂಲಿ ಸಂಘದ ಧರಣಿಗಳಲ್ಲಿ ನಾನು ಮೈಕು ಹಿಡಿದು ಕೂಗುತ್ತಿದ್ದೆ, ಆಕೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದಳು. ನಾನು ಮನೆ ಕಟ್ಟಿಸಲು ಹೊರಟಾಗ ಗೋಡೆಗಳ ಗಾರೆ ಆಕೆಯದೇ ಎಂದು ಬೇರೆ ಹೇಳಬೇಕಿರಲಿಲ್ಲ.

ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿಸುವವರದ್ದೊಂದು ವಾಟ್ಸಾಪ್ ಗುಂಪಿದೆ. ಭಾನುವಾರ ಬಂತೆಂದರೆ ಎಲ್ಲರೂ ತಂತಮ್ಮ ಕಟ್ಟಡದ ಫೋಟೊ ಹಾಕಬೇಕು. ಯಾರ ಅಡುಗೆಮನೆಗೆ ಯಾವ ಕಲ್ಲು, ಯಾರ ಬಚ್ಚಲ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಎಲ್ಲದಕ್ಕೂ ಅಲ್ಲೇ ತೀರ್ಪು. ದರ್ಜಿಯೊಬ್ಬರು ಹೊಲಿಗೆ ಯಂತ್ರಕ್ಕೆ ಬೆಳಕು ಬೇಕೆಂದು ಮೆಟ್ಟಿಲ ಕೆಳಗೊಂದು ಕಿಟಕಿ ಇಡಿಸಿದ್ದಕ್ಕೆ ಮೂರು ದಿನ ಜಗಳ ನಡೆದಿತ್ತು. ಮುಂಗೋಡೆಗೆ ಟೈಲ್ಸು, ಹೂಬಳ್ಳಿ ಯಾವುದೂ ಬೇಡ, ಬರೀ ಗಾರೆ ಸಾಕು ಎಂದು ನಾನು ಬರೆದೆ.

“ಗೋದಾಮು ಕಟ್ಟಿಸ್ತಿದ್ದೀರಾ ಸಾರ್?” ಎಂದು ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕೇಳಿದರು. ಹದಿನೇಳು ಜನ ನಕ್ಕರು. ನನಗೆ ಉರಿದುಹೋಯಿತು.

ಕರಣೆಯಕ್ಕ ಏಳು ದಿನ ಹಿಡಿದು ಆ ಗೋಡೆ ಮುಗಿಸಿದಳು. ಶನಿವಾರ ಒದ್ದೆ ಗೋಣಿಚೀಲಗಳನ್ನು ಮೇಲಿಂದ ಕೆಳತನಕ ಇಳಿಬಿಟ್ಟಳು.

“ಅಣ್ಣ, ಒಂದು ವಾರ ಈ ಚೀಲ ಒಣಗಬಾರ್ದು. ಹಸಿ ಬಾಣಂತಿ ಅಂತ ತಿಳ್ಕೊಳ್ಳಿ. ಬಿಸಿಲು ಬಿದ್ರೆ ಕೆಟ್ಟಿತು.”

“ನೀರಿನ ಕೆಲಸ ನಂದು. ಎರಡು ದಿನ ಆರಾಮ ತಗೊಳ್ಳಿ ಅಕ್ಕ” ಅಂದೆ.

ಭಾನುವಾರ ಗೋಡೆಯ ಬದಲು ಚೀಲದ ಫೋಟೊ ಹಾಕುವುದೇ? ಎಲ್ಲವನ್ನೂ ತೆಗೆದು, ಮಡಿಚಿ, ಮೂಲೆಗಿಟ್ಟೆ. ಮಧ್ಯಾಹ್ನದ ಬೆಳಕಿನಲ್ಲಿ ಒಂದು ಫೋಟೊ, ಸಂಜೆಯ ಬೆಳಕಿನಲ್ಲಿ ಇನ್ನೊಂದು. ಬ್ಯಾಂಕಿನವರೇ, “ಒಪ್ಪಿದೆ ಸಾರ್, ಕನ್ನಡಿ” ಎಂದು ಬರೆದರು. ಸೋಮವಾರ ಗುಂಪಿನ ಇಬ್ಬರು ಕಣ್ಣಾರೆ ನೋಡಲು ಬಂದರು. ಅವರ ಮುಂದೆ ಗೋಡೆ ಮುಚ್ಚಲು ಮನಸ್ಸಾಗಲಿಲ್ಲ. ಇಬ್ಬರೂ ತಮ್ಮ ಮನೆಗೂ ಕರಣೆಯಕ್ಕನೇ ಬೇಕೆಂದು ಫೋನಿನಲ್ಲೇ ಗೊತ್ತು ಮಾಡಿ ಹೋದರು. ಎರಡು ದಿನ ಗೋಡೆ ಬಿಸಿಲು ಕುಡಿಯಿತು, ನಾನು ಹೊಗಳಿಕೆ ಕುಡಿದೆ.

ಮಂಗಳವಾರ ಆಕೆ ಬಂದಾಗ ಕಿಟಕಿಯ ಮೂಲೆಯಿಂದ ಕೂದಲೆಳೆಯಂಥ ಬಿರುಕುಗಳು ನಾಲ್ಕೂ ದಿಕ್ಕಿಗೆ ಓಡಿದ್ದವು. ಕೈಯ ಹಿಂಬದಿಯಿಂದ ಸವರಿದಳು. ಸುತ್ತ ನೋಡಿದಳು.

“ಚೀಲ ಯಾರು ತೆಗೆದ್ರು ಅಣ್ಣ?”

“ಗಾಳಿಗೆ ಬಿದ್ದಿರ್ಬೇಕು.”

ಮೂಲೆಯ ಕಡೆ ನೋಡಿದಳು. “ಬೀಳಿಸಿ, ಮಡಿಚಿ, ಒಂದರ ಮೇಲೊಂದು ಜೋಡಿಸಿ ಹೋಯ್ತಾ ಗಾಳಿ?”

ಆಕೆ ಎರಡು ದಿನ ಬಿರುಕುಗಳನ್ನು ಕೆತ್ತಿ, ತುಂಬಿ, ತಾನೇ ನೀರು ಹೊಡೆದಳು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಗುಂಪಿನವರೊಬ್ಬರು ಬಿರುಕಿನ ಫೋಟೊ ತೆಗೆದು ಗುಂಪಿಗೆ ಹಾಕಿದ್ದರು. ಅದರ ಕೆಳಗೆ ಒಂದರ ಹಿಂದೊಂದು ಮಾತು: “ಹೆಂಗಸಿನ ಕೈಲಿ ಮಾಡಿಸಿದ್ರೆ ಇಷ್ಟೇ.” “ಮೇಸ್ತ್ರಿಗೆ ದುಡ್ಡು ಕೊಟ್ಟುಬಿಟ್ರಾ ಸಾರ್?”

ನಾನು ಬರೆದೆ: “ಕೂಲಿ ಹಿಡ್ಕೊಂಡಿದ್ದೀನಿ.”

ಎರಡೇ ಪದ. ಕೂಲಿ ಹಿಡಿದ ಗುತ್ತಿಗೆದಾರರ ಮನೆಯ ಮುಂದೆ ವರ್ಷಗಟ್ಟಲೆ ಕೂತವನು ಬರೆದದ್ದು. ಒತ್ತಿ ಕಳಿಸಿದ್ದು ಇದೇ ಹೆಬ್ಬೆರಳು. ಗೊತ್ತು ಮಾಡಿದ್ದ ಎರಡೂ ಮನೆಯವರು ಅಂದೇ ಬೇರೆ ಮೇಸ್ತ್ರಿ ಹುಡುಕಿಕೊಂಡರು. ಆಮೇಲೆ ಬಡಾವಣೆಯಲ್ಲಿ ಯಾರೂ ಆಕೆಗೆ ಗಾರೆಯ ಕೆಲಸ ಕೊಡಲಿಲ್ಲ.

ಮೂರು ತಿಂಗಳ ಮೇಲೆ ಹಿಂದಿನ ಬೀದಿಯ ಕಟ್ಟಡದಲ್ಲಿ ಆಕೆಯನ್ನು ಕಂಡೆ. ತಲೆಯ ಮೇಲೆ ಮರಳಿನ ಬಾಂಡ್ಲಿ. ಮೇಲೆ ಗಾರೆ ಎಳೆಯುತ್ತಿದ್ದವನು, “ಬೇಗ ತಾರಮ್ಮ” ಎಂದು ಕೂಗುತ್ತಿದ್ದ. ಅವನಿಗೆ ಮಟ್ಟ ಹಿಡಿಯಲು ಕಲಿಸಿದವಳು ಇವಳೇ.

“ಹೊಸ ಮನೇಲಿ ಚೆನ್ನಾಗಿದ್ದೀರಾ ಅಣ್ಣ?” ಎಂದಳು. ಚುಚ್ಚಲು ಕೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೇ ದಿನ ಹಿಡಿದಿಟ್ಟಿದ್ದ ಒಂಬತ್ತು ದಿನದ ಕೂಲಿಯ ಜೊತೆಗೆ ಇನ್ನಷ್ಟು ಸೇರಿಸಿ ಒಯ್ದೆ. ಒಂಬತ್ತು ದಿನದ್ದು ತೆಗೆದುಕೊಂಡು ಉಳಿದದ್ದನ್ನು ನನ್ನ ಜೇಬಿಗೇ ತುರುಕಿದಳು.

“ಮಾಡದ ಕೆಲಸಕ್ಕೆ ದುಡ್ಡು ಯಾಕೆ? ಕೆಲಸ ಕೊಡ್ಸಿ. ಆವತ್ತು ಎಲ್ಲಿ ಬರೆದ್ರೋ ಅಲ್ಲೇ ಬರೀರಿ.”

ನಾಲ್ಕು ಸಲ ಬರೆದು ಅಳಿಸಿದೆ. ಗುಂಪಿಗೆ ಹಾಕಲು ಇನ್ನೊಂದು ತಿಂಗಳೇ ಹಿಡಿಯಿತು. ಹೋದ ಭಾನುವಾರ ಹಾಕಿದೆ: “ಚೀಲ ತೆಗೆದವನು ನಾನು. ಫೋಟೊಗೋಸ್ಕರ. ಮೇಸ್ತ್ರಿಯ ತಪ್ಪಿಲ್ಲ.” ಯಾರೂ ಏನೂ ಬರೆಯಲಿಲ್ಲ. ಹತ್ತು ನಿಮಿಷದಲ್ಲಿ ಯಾರದೋ ತಾರಸಿಯ ಫೋಟೊ ಬಂತು, ನನ್ನ ಮಾತು ಮೇಲಕ್ಕೆ ಸರಿದುಹೋಯಿತು. ಬ್ಯಾಂಕಿನವರು ಮಾತ್ರ ಫೋನು ಮಾಡಿ, “ಯಾಕ್ರೀ ಸುಮ್ಮನೆ ಮರ್ಯಾದೆ ಕಳ್ಕೊಂಡ್ರಿ?” ಅಂದರು. ಕಳೆದದ್ದು ಯಾರ ಮರ್ಯಾದೆ ಎಂದು ಅವರಿಗಿನ್ನೂ ತಿಳಿದಿಲ್ಲ. ಆಕೆ ಈ ಬೆಳಿಗ್ಗೆಯೂ ಮರಳು ಹೊರುತ್ತಿದ್ದಳು.

ಇದನ್ನು ಓದುತ್ತಿರುವ ನೀವೂ ಮನೆ ಕಟ್ಟಿಸುತ್ತಿರಬಹುದು, ಇಲ್ಲವೇ ಕಟ್ಟಿಸಿ ಮುಗಿಸಿರಬಹುದು. ನಿಮ್ಮ ಗೋಡೆ ಬಿರುಕು ಬಿಟ್ಟಾಗ ಚೀಲ ತೆಗೆದವರು ಯಾರು? ಯಾರ ಕೂಲಿ ಹಿಡಿದಿರಿ? ಇವತ್ತೇ ಹೋಗಿ ಕೊಡಿ. ನಾಲ್ಕು ಜನರೆದುರು ದೂರಿದ್ದರೆ ಆ ನಾಲ್ಕು ಜನರೆದುರೇ ಒಪ್ಪಿಕೊಳ್ಳಿ. ಮತ್ತೆ ಗೋಡೆ ಎಬ್ಬಿಸುವಾಗ ಅವರನ್ನೇ ಕರೆಯಿರಿ. ಕೈಗೆ ಬಾಂಡ್ಲಿ ಅಲ್ಲ, ಕರಣೆ ಕೊಡಿ.